ಗ್ಯಾಲರಿ ಬಿಟ್ಟು ಬೇರೆ ಎಲ್ಲಿ ಪ್ರದರ್ಶನ ಮಾಡಬಹುದು?

ಕುಂಚ_ಹನುಮಂತನಗರ
ನಾವು ಆರು ಜನ ಸೇರಿ ಬೆಂಗಳೂರಿನ ಮುಚ್ಚಿಹೋದ ಕೆರೆಗಳ ಬಗ್ಗೆ ಒಂದು ಪ್ರದರ್ಶನ ಮಾಡುತ್ತಿದ್ದೇವೆ. ಚಿತ್ರ, ಫೋಟೋ, ಮಣ್ಣಿನ ಕೆಲಸ, ಜೊತೆಗೆ ಎಲ್ಲರೂ ಸೇರಿ ಬಣ್ಣ ಹಾಕುತ್ತಿರುವ ಮೂವತ್ತು ಅಡಿ ಉದ್ದದ ಬಟ್ಟೆ. ಗ್ಯಾಲರಿಗೆ ಬರುವವರು ಹೇಗೂ ಬರುತ್ತಾರೆ, ನಮಗೆ ಬೇಕಿರುವುದು ಗ್ಯಾಲರಿ ಮೆಟ್ಟಿಲು ಹತ್ತದ ಜನ. ಜುಲೈ ಅಂದುಕೊಂಡಿದ್ದೇವೆ, ದುಡ್ಡು ಕಡಿಮೆ. ಎಲ್ಲಿ ಮಾಡಬಹುದು?

ನೀಲಿಬಣ್ಣ
ಮೆಜೆಸ್ಟಿಕ್ ಸುತ್ತಮುತ್ತ ನೋಡಿ! ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲೇ ಈಗ ಬಸ್ ನಿಲ್ದಾಣ ಇರುವುದು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ. ನಿಮ್ಮ ವಿಷಯ ಕಾಲ ಕೆಳಗೇ ಇದೆ ಅಲ್ವಾ. ಕಬ್ಬನ್ ಪಾರ್ಕ್ ಮೆಟ್ರೋ ನಿಲ್ದಾಣದಲ್ಲಿ ಸೃಷ್ಟಿ ಕಲಾ ಕಾಲೇಜಿನವರು ಮಾಡಿದ ಕೆಲಸ ನೋಡಿದ್ದೀರಾ? ದಿನಾ ಓಡಾಡುವವರೇ ನೋಡುಗರು.

ಬಸವನಗುಡಿ_ಮಾಮಿ
ಮೆಜೆಸ್ಟಿಕ್ ಚೆನ್ನಾಗಿದೆ, ಆದರೆ ಅಲ್ಲಿ ಅನುಮತಿಗೆ ಸುತ್ತುವಷ್ಟರಲ್ಲಿ ಜುಲೈ ಮುಗಿದೇ ಹೋಗುತ್ತದೆ. ಜನ ನಿಲ್ಲುವುದೂ ಇಲ್ಲ, ಬಸ್ಸಿನ ಕಡೆಗೇ ಕಣ್ಣು.

ನನ್ನ ಮಾತು ಕೇಳಿ, ಮದುವೆ ಛತ್ರ ಹಿಡಿಯಿರಿ. ಜುಲೈನಲ್ಲಿ ಬಹುಪಾಲು ಆಷಾಢ ಬರುತ್ತದೆ, ಮದುವೆ ಇರುವುದಿಲ್ಲ, ಹಾಲ್ ಸುಮ್ನೆ ಬೀಗ ಹಾಕಿಕೊಂಡಿರುತ್ತದೆ, ಮ್ಯಾನೇಜರ್ ಹತ್ತಿರ ಕೂತು ಮಾತಾಡಿದರೆ ಬಾಡಿಗೆ ಇಳಿಸುತ್ತಾರೆ. ಪಂಚಾಂಗ ನೋಡಿ ದಿನ ಹಾಕಿ. ಗಂಡಿನ ಕಡೆ ರೂಮು, ಹೆಣ್ಣಿನ ಕಡೆ ರೂಮು, ಊಟದ ಹಾಲ್, ಅಡುಗೆ ಮನೆ, ಎಲ್ಲ ಬೇರೆಬೇರೆ ಇರುತ್ತವೆ. ಆರು ಜನಕ್ಕೆ ಹಂಚಿಕೊಳ್ಳಲು ಜಗಳವೇ ಇಲ್ಲ! ಮೂವತ್ತು ಅಡಿ ಬಟ್ಟೆಯನ್ನು ಊಟದ ಹಾಲಿನ ಮೇಜುಗಳ ಮೇಲೆ ಉದ್ದಕ್ಕೆ ಹಾಸಿ. ಜನ ಎರಡೂ ಬದಿ ಕೂತು ನೋಡಲಿ, ಮುಟ್ಟಲಿ. ಗೋಡೆಗೆ ತೂಗುಹಾಕಿದ ಬಟ್ಟೆಯ ಹತ್ತಿರ ಯಾರೂ ಹಾಗೆ ಕೂರುವುದಿಲ್ಲ. ಛತ್ರಕ್ಕೆ ಬರಲು ಯಾರಿಗೂ ಸಂಕೋಚವೂ ಇಲ್ಲ, ಗೇಟು ತೆಗೆದಿದ್ದರೆ ಹೂವಿನವರು, ಆಟೋದವರು ಎಲ್ಲ ಇಣುಕುತ್ತಾರೆ. ಗವಿಪುರದ ಕಡೆ ಸಿಕ್ಕರೆ ಇನ್ನೂ ಒಳ್ಳೆಯದು, ಕೆಂಪಾಂಬುಧಿ ಕೆರೆ ಪಕ್ಕದಲ್ಲೇ ಇನ್ನೂ ಬದುಕಿದೆ.

ತಂತಿ_ಮೊಳೆ
ಮಾಮಿ ಹೇಳಿದ್ದು ಸರಿ. ನಾನು ಪ್ರದರ್ಶನಗಳಿಗೆ ಕೆಲಸ ತೂಗುಹಾಕಿ ಕೊಡುವವನು, ಅದಕ್ಕೇ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಅಡ್ವಾನ್ಸ್ ಕೊಡುವ ಮುಂಚೆ ಒಮ್ಮೆ ಸಂಜೆ ಹೋಗಿ ಲೈಟ್ ಹಾಕಿಸಿ ನೋಡಿ. ಟ್ಯೂಬ್‌ಲೈಟ್ ಬೆಳಕು ಫ್ರೇಮಿನ ಗಾಜಿನ ಮೇಲೆ ಹೊಳೆದು ಫೋಟೋ ಕಾಣುವುದೇ ಇಲ್ಲ. ಗಾಜು ತೆಗೆದುಬಿಡಿ, ಇಲ್ಲವೇ ಕ್ಲಿಪ್ ಲೈಟ್ ತನ್ನಿ. ಗೋಡೆಗೆ ಮೊಳೆ ಹೊಡೆಯಲು ಬಿಡುವುದಿಲ್ಲ. ಹೂವಿನ ಅಲಂಕಾರಕ್ಕೆ ಕೊಕ್ಕೆ, ಕಂಬಿ ಇದ್ದರೆ ಅದಕ್ಕೆ ಮೀನು ಹಿಡಿಯುವ ನೈಲಾನ್ ದಾರ ಕಟ್ಟಿ. ಮಳೆಗಾಲ ಬೇರೆ, ಹೊರಗೋಡೆಯಲ್ಲಿ ಪಸೆ ಇದ್ದರೆ ಕಾಗದ ಉಬ್ಬುತ್ತದೆ, ಅದನ್ನು ಒಳಗೋಡೆಗೇ ಇಡಿ.

ಕುಂಚ_ಹನುಮಂತನಗರ
ಊಟದ ಹಾಲಿನ ಮೇಜು! ಮಾಮಿ, ನಮಗೆ ಹೊಳೆದೇ ಇರಲಿಲ್ಲ. ಮಣ್ಣಿನ ಕೆಲಸದ ಗೆಳತಿ ಆಗಲೇ ಅಡುಗೆ ಮನೆ ತನಗೆ ಅಂದಿದ್ದಾಳೆ. ಭಾನುವಾರ ಗವಿಪುರದಲ್ಲಿ ಛತ್ರ ಹುಡುಕುತ್ತೇವೆ. ಮ್ಯಾನೇಜರ್ ಹತ್ತಿರ ಮಾತಾಡಲು ನೀವೂ ಜೊತೆಗೆ ಬರುತ್ತೀರಾ?