ಕಥೆ ಬರೆಯುವುದು ಕಲಿತರೆ ಕೆಲಸ ಸಿಗುತ್ತದಾ? ಕಾಸರಗೋಡಿನವರು ಅನುಭವ ಹೇಳಿ

ಪ್ರಶ್ನೆ, ಕುಂಬಳೆಯಿಂದ:
ಕನ್ನಡ ಮಾಧ್ಯಮದಲ್ಲಿ ಪ್ಲಸ್ ಟು ಮುಗಿಯಿತು. ಶಾಲೆಗಳ ಉಪಜಿಲ್ಲಾ ಕಲೋತ್ಸವದಲ್ಲಿ ಕನ್ನಡ ಕಥೆಗೆ ಎರಡು ಸಲ ಎ ಗ್ರೇಡ್ ಬಂದಿದೆ. ಬರೆದೇ ಬದುಕಬೇಕು ಅಂತ ಆಸೆ. ಪತ್ರಿಕೆ, ರೇಡಿಯೋ, ಸೀರಿಯಲ್, ಯಾವುದಾದರೂ ಸರಿ. ಅಪ್ಪ ಮಾತ್ರ "ಕಥೆಗೆ ಯಾರು ಸಂಬಳ ಕೊಡ್ತಾರೆ ಮಗಳೇ, ಡಿಗ್ರಿ ಮುಗಿಸಿ ಬಿ.ಎಡ್. ಮಾಡು" ಅನ್ನುತ್ತಾರೆ. ಬರೆಯುವುದನ್ನೇ ಕಲಿಸುವ ಕೋರ್ಸ್ ಇದೆಯಾ? ಮಂಗಳೂರಿಗೆ ಹೋಗಲಾ, ಕೇರಳದಲ್ಲೇ ಇರಲಾ?

ಬದಿಯಡ್ಕದವಳು, ಮಂಗಳೂರಿನ ಪತ್ರಿಕೆಯೊಂದರ ಡೆಸ್ಕಿನಲ್ಲಿ ಒಂಬತ್ತು ವರ್ಷ:
ತಂಗೀ, ಅಪ್ಪ ಹೇಳಿದ್ದು ಅರ್ಧ ಸರಿ. ಕಥೆಗೆ ಯಾರೂ ಸಂಬಳ ಕೊಡುವುದಿಲ್ಲ. ಸಂಜೆ ಆರಕ್ಕೆ ಸುದ್ದಿಸಂಸ್ಥೆ ಪಿಟಿಐಯಿಂದ ಬಂದ ಇಂಗ್ಲಿಷ್ ಸುದ್ದಿಯನ್ನು ಆರೂಕಾಲಕ್ಕೆ ಓದುವ ಹಾಗೆ ಕನ್ನಡ ಮಾಡಿ ಕೊಟ್ಟರೆ ಕೊಡುತ್ತಾರೆ. ನನ್ನ ಒಂಬತ್ತು ವರ್ಷದಲ್ಲಿ ಮುಕ್ಕಾಲು ಪಾಲು ಕೆಲಸ ಅದೇ.

ನಾನು ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಕನ್ನಡ ಬಿ.ಎ. ಮಾಡಿದೆ. ಆಮೇಲೆ ಕೊಣಾಜೆಗೆ ಹೋಗಿ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಪತ್ರಿಕೋದ್ಯಮ ಓದಿದೆ. ಗಡಿಯ ತಲಪಾಡಿ ದಾಟಿ ಹೋಗಿಬರುವುದು ನಮಗೆ ದೊಡ್ಡ ವಿಷಯ ಅಲ್ಲ, ಅಲ್ವಾ? ಕಾಸರಗೋಡಿನಿಂದ ಮಂಗಳೂರಿಗೆ ಐವತ್ತು ಕಿಲೋಮೀಟರ್ ಇದ್ದೀತು. ಬಿ.ಎ.ಯಲ್ಲಿ ಓದಿದ ಹಳಗನ್ನಡ ಡೆಸ್ಕಿನಲ್ಲಿ ಏನೂ ಉಪಯೋಗಕ್ಕೆ ಬರಲಿಲ್ಲ ಅಂತ ಮೊದಲು ಅಂದುಕೊಂಡಿದ್ದೆ. ತಲೆಬರಹಕ್ಕೆ ಮೂರೇ ಪದದ ಜಾಗ ಇದ್ದಾಗ ಚಿಕ್ಕ ಪದ ಥಟ್ಟನೆ ಹೊಳೆಯುತ್ತಿದ್ದದ್ದು ಆ ಓದಿನಿಂದಲೇ.

ನಮ್ಮ ಕಡೆಯವರಿಗೆ ಒಂದು ಲಾಭ ಇದೆ, ಅದರಲ್ಲೇ ಒಂದು ಗುಂಡಿಯೂ ಇದೆ. ಮಲಯಾಳ ಓದಲು ಬರುತ್ತದೆ ಅಂತಲೇ ನನ್ನನ್ನು ಕೆಲಸಕ್ಕೆ ತೆಗೆದುಕೊಂಡರು. ಸೇರಿದ ಎರಡನೇ ವಾರ ಜಾಗದ ತಕರಾರಿನ ಒಂದು ಸುದ್ದಿ ಬಂತು. ಮಲಯಾಳದಲ್ಲಿ 'ಅವಕಾಶಿಗಳ್' ಅಂತ ಇತ್ತು. ನಾನು ಸುಮ್ನೆ "ಭೂಮಿಯ ಅವಕಾಶಿಗಳು ಕೋರ್ಟಿಗೆ" ಅಂತ ಬರೆದುಬಿಟ್ಟೆ. ಹಿರಿಯರೊಬ್ಬರು ಕನ್ನಡಕ ತೆಗೆದು "ಎಂಥ ಅವಕಾಶ ಮಾರಾಯ್ತಿ ಇವರಿಗೆ?" ಅಂದರು. ಅಲ್ಲಿ ಅವಕಾಶ ಅಂದರೆ ಹಕ್ಕು. ಬರೆಯಬೇಕಾದದ್ದು "ಹಕ್ಕುದಾರರು". ಮನೆಗೆ ಬಂದು ಇಂಥ ಪದಗಳ ಪಟ್ಟಿ ಮಾಡಲು ಕೂತೆ. ಮಲಯಾಳದ 'ಪ್ರಸಂಗ' ಭಾಷಣ, ನಮ್ಮ ಪ್ರಸಂಗ ಯಕ್ಷಗಾನದ್ದು. ಅವರ 'ಉಪನ್ಯಾಸ' ಪ್ರಬಂಧ, ಅವರ 'ಸಂಸಾರ' ಮಾತು! ಎರಡೂ ಭಾಷೆ ಮನೆಯ ಹಾಗೆ ಇರುವವರಿಗೇ ಇದು ಕಣ್ಣಿಗೆ ಬೀಳುವುದಿಲ್ಲ.

ಇನ್ನೊಂದು, ಟೈಪಿಂಗ್. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ತರುವುದು ಡೆಸ್ಕಿನಲ್ಲಿ ಸಾಲದು. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ಕಲಿತುಕೋ, ನುಡಿ ತಂತ್ರಾಂಶದಲ್ಲಿರುವುದೂ ಅದೇ. ನನ್ನ ಜೊತೆ ಸಂದರ್ಶನಕ್ಕೆ ಬಂದ ಒಬ್ಬ ಚೆಂದ ಬರೆಯುತ್ತಿದ್ದ, ಕಾಗದದ ಮೇಲೆ. ಅವನನ್ನು ತೆಗೆದುಕೊಳ್ಳಲಿಲ್ಲ.

ಮಂಜೇಶ್ವರದವನು, ಡಬ್ಬಿಂಗ್ ಮಾತು ಬರೆಯುತ್ತೇನೆ:
ಕೋರ್ಸ್ ಕೇಳಿದಿರಿ. ಕಥೆಯನ್ನೇ ಕಲಿಸುವ ಕಡೆ ಕನ್ನಡದಲ್ಲಿ ಕಡಿಮೆ. ಇಗ್ನೋ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಸೃಜನಶೀಲ ಬರವಣಿಗೆಯ ಡಿಪ್ಲೊಮಾ ಇದೆ, ಆದರೆ ಇಂಗ್ಲಿಷಿನಲ್ಲಿ. ಚಿತ್ರಕಥೆ ಬೇಕಿದ್ದರೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್, ನಮ್ಮದೇ ರಾಜ್ಯದಲ್ಲಿ ಕೋಟ್ಟಯಂ ಜಿಲ್ಲೆಯ ಕೆ.ಆರ್. ನಾರಾಯಣನ್ ಸಂಸ್ಥೆ. ಎರಡಕ್ಕೂ ಮೊದಲು ಡಿಗ್ರಿ ಆಗಬೇಕು, ಪ್ರವೇಶ ಪರೀಕ್ಷೆಯೂ ಇದೆ. ನಾನು ಇದ್ಯಾವುದಕ್ಕೂ ಹೋಗಲಿಲ್ಲ. ಹೆಗ್ಗೋಡಿನ ನೀನಾಸಂನಲ್ಲಿ ಒಂದು ವರ್ಷದ ರಂಗಶಿಕ್ಷಣ ಮುಗಿಸಿದೆ. ಬರೆಯುವುದು ಅಲ್ಲಿ ಮುಖ್ಯ ಪಾಠ ಅಲ್ಲ. ಆದರೆ ಬರೆದ ಮಾತು ಬಾಯಲ್ಲಿ ಹೊರಳುತ್ತದಾ ಇಲ್ಲವಾ ಅಂತ ಗೊತ್ತಾದದ್ದು ಅಲ್ಲೇ.

ಈಗಿನ ಕೆಲಸ ಹೇಗೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ಮಲಯಾಳದ ಪಾತ್ರ "ಪೋಕಾಂ" ಅನ್ನುತ್ತದೆ, ಮುಖ ಹತ್ತಿರದಲ್ಲಿ ಕಾಣುತ್ತಿದೆ. 'ಪೋ'ಗೆ ತುಟಿ ಮುಚ್ಚಿ ತೆರೆಯುತ್ತದೆ. ನಮ್ಮ "ಹೋಗೋಣ"ಕ್ಕೆ ತುಟಿ ಮುಚ್ಚುವುದೇ ಇಲ್ಲ. "ಬಾ, ಹೋಗೋಣ" ಅಂದರೆ ಉದ್ದ ಜಾಸ್ತಿ. ಕೊನೆಗೆ "ಬಾ ಮತ್ತೆ" ಸರಿಯಾಗಿ ಕೂತಿತು. ಅರ್ಧ ಗಂಟೆ ಹಿಡಿಯಿತು ಆ ಎರಡು ಪದಕ್ಕೆ! ಹಣ ಕಂತು ಕಂತಾಗಿ ಬರುತ್ತದೆ. ಒಂದು ಕಡೆ ಮೂವತ್ತು ಎಪಿಸೋಡಿನ ದುಡ್ಡು ಇನ್ನೂ ಬಂದಿಲ್ಲ. ಬಾಯಿಮಾತಿನಲ್ಲಿ ಒಪ್ಪಿಕೊಂಡದ್ದು ನನ್ನ ತಪ್ಪು. ನೀವು ಮೊದಲೇ ಬರಹದಲ್ಲಿ ತೆಗೆದುಕೊಳ್ಳಿ.

ಪೆರ್ಲದ ನಿವೃತ್ತ ಅಧ್ಯಾಪಕ:
ಬಿ.ಎಡ್. ಅಂದರೆ ಬರವಣಿಗೆಯ ಶತ್ರು ಅಂತ ತಿಳಿಯಬೇಡಮ್ಮ. ಕಯ್ಯಾರ ಕಿಞ್ಞಣ್ಣ ರೈಗಳು ಪೆರಡಾಲದ ಶಾಲೆಯಲ್ಲಿ ಮಾಷ್ಟ್ರಾಗಿದ್ದವರು. ಕವಿತೆಯನ್ನೂ ಬರೆದರು, ಪತ್ರಿಕೆಗೂ ಬರೆದರು, ತೋಟವನ್ನೂ ಮಾಡಿದರು. 1915ರಲ್ಲಿ ಹುಟ್ಟಿ ನೂರು ತುಂಬಿಸಿ ಹೋದವರು. ನಿಮ್ಮಪ್ಪನಿಗೂ ಈ ಮಾತು ಹೇಳು, ಒಪ್ಪಿಯಾರು. ರೈಗಳ ಕಾಲದಲ್ಲಿ ಕೆಲಸ ಸಿಗುವುದು ಈಗಿನಷ್ಟು ಕಷ್ಟ ಇರಲಿಲ್ಲ ಅಂತ ಅವರು ತಿರುಗಿ ಹೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ಉಪ್ಪಳ, ರೇಡಿಯೋಗೆ ಬರೆಯುತ್ತಿದ್ದೆ:
ಆಕಾಶವಾಣಿಯ ಯುವಜನರ ಕಾರ್ಯಕ್ರಮ ಯುವವಾಣಿಯಿಂದ ಶುರು ಮಾಡಿದವರು ನಮ್ಮಲ್ಲಿ ಬಹಳ ಜನ, ನಾನೂ ಒಬ್ಬ. ಮೂವತ್ತು ಸೆಕೆಂಡಿನ ಜಾಹೀರಾತಿಗೆ ಐವತ್ತು ಐವತ್ತೈದು ಪದಕ್ಕಿಂತ ಜಾಸ್ತಿ ಹಿಡಿಸುವುದಿಲ್ಲ. ಬರೆದದ್ದನ್ನು ಗಡಿಯಾರ ಇಟ್ಟುಕೊಂಡು ಜೋರಾಗಿ ಓದಿ ನೋಡಿ. ಮನೆಯವರು ನಗುತ್ತಾರೆ, ನಗಲಿ.

ಕುಂಬಳೆ:
ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಮಾಷ್ಟ್ರ ಮಾತು ಓದಿ ಹೇಳಿದೆ. "ಕನ್ನಡ ಬಿ.ಎ. ಮಾಡು, ಆಮೇಲೆ ನೋಡುವ" ಅಂದರು. ನಮ್ಮ ಮನೆಯಲ್ಲಿ ಇಷ್ಟು ಅಂದರೆ ಬಹಳ ಆಯಿತು. ಬದಿಯಡ್ಕದ ಅಕ್ಕಾ, ನುಡಿ ಹಾಕಿಕೊಂಡೆ. ಒತ್ತಕ್ಷರ ಹೇಗೆ ಬರಿಸುವುದು?

ಬದಿಯಡ್ಕದವಳು:
ನಡುವೆ ಎಫ್ ಒತ್ತು. 'ಅಕ್ಕ' ಬೇಕಾದರೆ ಎ, ಕೆ, ಎಫ್, ಕೆ. ದಿನಕ್ಕೆ ಅರ್ಧ ಗಂಟೆ ಕೂತರೆ ಓಣಂ ರಜೆಯ ಹೊತ್ತಿಗೆ ಬೆರಳು ತಾನೇ ಓಡುತ್ತದೆ.