ಕೌದಿಯ ನಡುಭಾಗ ಉಬ್ಬಿಕೊಂಡಿದೆ, ಪೂರ್ತಿ ಬಿಚ್ಚಬೇಕಾ?

ಹೊಸಸೂಜಿ:
ನಮಸ್ಕಾರ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಸಮುದಾಯದ ಹೆಂಗಸರು ಹಳೇ ಬಟ್ಟೆ ತುಂಡುಗಳಿಂದ ಹೊಲಿಯುವ ಹೊದಿಕೆ, ಅಂದರೆ ಕೌದಿ, ನೋಡಿ ಆಸೆಯಾಯಿತು. ಅದೇ ರೀತಿಯಲ್ಲಿ ಶುರು ಮಾಡಿದ್ದೇನೆ. ನಕ್ಷೆ ಇಲ್ಲ, ಗೆರೆ ಇಲ್ಲ. ಕೆಳಗೆ ಹಳೇ ಕಾಟನ್ ಸೀರೆ, ಮೇಲೆ ಕೈಗೆ ಸಿಕ್ಕ ತುಂಡುಗಳು. ಅಂಚಿನಿಂದ ಸುತ್ತುತ್ತಾ ಒಳಗೆ ಬರುತ್ತಿದ್ದೇನೆ. ಇನ್ನು ನಡುವೆ ಒಂದು ಮೊಳ ಜಾಗ ಉಳಿದಿದೆ. ಅಲ್ಲಿ ಸೀರೆ ಉಬ್ಬಿ ನಿಂತಿದೆ. ಒತ್ತಿದರೆ ಪಕ್ಕಕ್ಕೆ ಸರಿಯುತ್ತದೆ ಅಷ್ಟೇ. ಏನು ಮಾಡಲಿ?

ಹಳಿಯಾಳದವಳು:
ಬಿಚ್ಚಬೇಡಿ, ಸ್ವಲ್ಪ ತಾಳಿ. ಸೀರೆ ತೊಳೆದು ಹಾಕಿದ್ದೀರಾ? ದಾರ ಎಷ್ಟು ಬಿಗಿ ಎಳೆಯುತ್ತೀರಿ?

ಹೊಸಸೂಜಿ:
ತೊಳೆದದ್ದೇ ಅಕ್ಕಾ. ದಾರ ಬಿಗಿಯಾಗೇ ಎಳೆಯುತ್ತೇನೆ, ಗಟ್ಟಿಯಾಗಿರಲಿ ಅಂತ. ತೊಡೆ ಮೇಲೆ ಇಟ್ಟುಕೊಂಡು ಹೊಲಿಯುತ್ತೇನೆ.

ಹಳಿಯಾಳದವಳು:
ಕಾರಣ ಸಿಕ್ಕಿತು. ದಾರ ಬಿಗಿಯಾದರೆ ಹೊರಗಿನ ಸುತ್ತುಗಳು ಕುಗ್ಗುತ್ತವೆ. ಒಳಗಿನ ಸೀರೆ ಮಾತ್ರ ಮೊದಲಿನ ಅಳತೆಯಲ್ಲೇ ಇರುತ್ತದೆ. ಜಾಗ ಸಾಲದೆ ಮೇಲೇಳುತ್ತದೆ. ಅಂಚು ಮೊದಲೇ ಮುಚ್ಚಿರುವುದರಿಂದ ಆ ಸಡಿಲಕ್ಕೆ ಹೊರಗೆ ಹೋಗಲು ದಾರಿಯೂ ಇಲ್ಲ ಅಲ್ವಾ?

ಒಳಗಿನ ಮೂರ್ನಾಲ್ಕು ಸುತ್ತು ಮಾತ್ರ ಬಿಚ್ಚಿ. ಕೌದಿಯನ್ನು ನೆಲದ ಮೇಲೆ ಹಾಸಿ. ಬಿಚ್ಚಿದ ಭಾಗವನ್ನು ಅಂಗೈಯಿಂದ ಸವರಿ ಸಡಿಲವನ್ನು ಸುತ್ತಲೂ ಹಂಚಿ. ಆದರೂ ಉಳಿದರೆ ಸೀರೆಗೆ ಅಲ್ಲಲ್ಲಿ ಸಣ್ಣ ಸಣ್ಣ ಮಡಿಕೆ ಹಾಕಿ. ಒಂದೇ ದೊಡ್ಡ ಮಡಿಕೆ ಬೇಡ, ಮಲಗಿದಾಗ ಬೆನ್ನಿಗೆ ಒತ್ತುತ್ತದೆ. ಮಡಿಕೆಯನ್ನು ಮೇಲ್ಭಾಗಕ್ಕೆ ತನ್ನಿ. ಅಲ್ಲಿ ಇನ್ನೂ ತುಂಡು ಕೂರಿಸಿಲ್ಲ, ಹಾಗಾಗಿ ಮುಚ್ಚಿಹೋಗುತ್ತದೆ. ಮೊದಲೇ ತುಂಡುಗಳನ್ನೆಲ್ಲ ಜೋಡಿಸಿಕೊಂಡು ಆಮೇಲೆ ಹೊಲಿಯುವವರಿಗೆ ಈ ಅನುಕೂಲ ಇಲ್ಲ. ನನಗೆ ಈ ಕೌದಿ ಇಷ್ಟವಾಗುವುದೇ ಇದಕ್ಕೆ. ಕೊನೇ ತುಂಡು ಕೂರುವ ತನಕ ಎಲ್ಲವನ್ನೂ ಬದಲಾಯಿಸಬಹುದು.

ಮುಂದೆ ಒಂದು ಗೇಣು ಹೊಲಿದಾಗಲೆಲ್ಲ ಸಾಲನ್ನು ಹೆಬ್ಬೆರಳಿನಿಂದ ನೀವಿ, ದಾರ ಸಡಿಲ ಬಿಡಿ.

ಚಿಂದಿಪೆಟ್ಟಿಗೆ:
ಇನ್ನೊಂದು ಮಾತು ಸೇರಿಸುತ್ತೇನೆ. ನಡುವೆ ಓರೆಯಾಗಿ ಕತ್ತರಿಸಿದ ತುಂಡು ಇಡಬೇಡಿ. ಎಳೆದರೆ ಹಿಗ್ಗುತ್ತದೆ, ಮತ್ತೆ ಉಬ್ಬುತ್ತದೆ. ಸಿಂಥೆಟಿಕ್ ಬಟ್ಟೆ ಜಾರುತ್ತದೆ, ಕಲಿಯುವಾಗ ಕಾಟನ್ ಸಾಕು. ಹೊಸ ಕಾಟನ್ ಆದರೆ ತೊಳೆದೇ ಬಳಸಿ.

ಹೊಸಸೂಜಿ:
ನೆಲದ ಮೇಲೆ ಹಾಸಿ ನೋಡಿದೆ. ಸವರಿದ ಮೇಲೆ ಅರ್ಧಕ್ಕಿಂತ ಜಾಸ್ತಿ ಇಳಿಯಿತು! ಉಳಿದದ್ದಕ್ಕೆ ಮೂರು ಮಡಿಕೆ ಸಾಕಾಯಿತು. ನಡುವೆ ಯಾವ ಬಣ್ಣ ಇಡಲಿ? ಸುತ್ತ ಕೆಂಪು, ಹಸಿರು ಇದೆ.

ಹಳಿಯಾಳದವಳು:
ಉಳಿದ ತುಂಡುಗಳನ್ನು ಹೊಲಿಯದೆ ಸುಮ್ನೆ ಹರಡಿ, ಎದ್ದು ನಿಂತು ದೂರದಿಂದ ನೋಡಿ. ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆಯೂ ಹಿಡಿಸಿದರೆ ಹೊಲಿಯಿರಿ. ನಾನಾದರೆ ಗಾಢ ಹಳದಿ ಇಡುತ್ತಿದ್ದೆ. ಮತ್ತೆ ನಾಲ್ಕು ಮೂಲೆಗೆ ಫೂಲ, ಅಂದರೆ ಬಟ್ಟೆಯ ಹೂವು, ಮರೆಯಬೇಡಿ. ಬಟ್ಟೆಯನ್ನು ಪದರ ಪದರವಾಗಿ ತ್ರಿಕೋನಕ್ಕೆ ಮಡಚಿ ಹೊಲಿದರಾಯಿತು. ಅದನ್ನು ಕೊನೆಯಲ್ಲೂ ಸೇರಿಸಬಹುದು.