ಸಣ್ಣ ಕಂಪನಿಗೆ ಸೇರಲೇ, ಕೋರ್ಸಿಗೆ ದುಡ್ಡು ಕಟ್ಟಲೇ?

ಕಳೆದ ವಾರದ ಪ್ರಶ್ನೆ: ನಾನು ಗದಗ ಜಿಲ್ಲೆಯವನು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ಸೆಮಿಸ್ಟರ್. ಬೆಳಗಾವಿಯ ಒಂದು ಸಣ್ಣ ಕಂಪನಿ ತಿಂಗಳಿಗೆ 15 ಸಾವಿರ ಕೊಡುತ್ತೇನೆ ಅಂದಿದೆ. ಗೆಳೆಯರು ಬೆಂಗಳೂರಿಗೆ ಹೋಗಿ ಸಾಫ್ಟ್‌ವೇರ್ ಕೋರ್ಸ್ ಮಾಡು, ಕೆಲಸ ಗ್ಯಾರಂಟಿ ಅನ್ನುತ್ತಾರೆ. ಫೀಸು 80 ಸಾವಿರ. ಅಮ್ಮನ ಬಂಗಾರ ಅಡ ಇಡಲು ಅಪ್ಪ ತಯಾರಿದ್ದಾರೆ. ಏನು ಮಾಡಲಿ?

ಓದುಗರ ಸ್ಪಂದನ

ತಮ್ಮಾ, ಬೆಳಗಾವಿಯ ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಬಿಡಿಭಾಗ ಮಾಡುವ ಸಣ್ಣ ಕಂಪನಿ ನನ್ನದು. ಹಾಗಾಗಿ ಸಣ್ಣ ಕಂಪನಿಗಳ ಮೇಲೆ ನನಗೆ ಅಭಿಮಾನ ಇದ್ದೇ ಇದೆ. ಅದನ್ನು ಲೆಕ್ಕಕ್ಕೆ ಹಿಡಿದೇ ಓದು.

ಮೊದಲು ಬಂಗಾರದ ಮಾತು. ಅಡ ಇಡಬೇಡಿ. ಕೆಲಸದ ಹೆಸರಲ್ಲಿ ನಿನ್ನಿಂದಲೇ ದುಡ್ಡು ಕೇಳುವವರನ್ನು ಸುಮ್ನೆ ನಂಬಬಾರದು. ಗ್ಯಾರಂಟಿ ಅಂದವರಿಗೆ, ಹೋದ ವರ್ಷ ಕಲಿತ ಹುಡುಗರು ಈಗ ಎಲ್ಲಿದ್ದಾರೆ ಅಂತ ಕೇಳು. ಆ ಹುಡುಗರ ಜೊತೆ ನೀನೇ ಮಾತಾಡು. ಸಾಫ್ಟ್‌ವೇರ್ ಬೇಡ ಅಂತಲ್ಲ. ನಿಜವಾಗಿ ಆಸೆ ಇದ್ದರೆ ಎನ್‌ಪಿಟಿಇಎಲ್ ಅನ್ನೋ ಜಾಲತಾಣದಲ್ಲಿ ಐಐಟಿ ಮೇಷ್ಟ್ರುಗಳ ಪಾಠ ಪುಕ್ಕಟೆ ಸಿಗುತ್ತದೆ. ಎರಡು ತಿಂಗಳು ಪಟ್ಟಾಗಿ ಕೂತು ನೋಡು, ಕೈ ಹತ್ತುತ್ತದೋ ಇಲ್ಲವೋ ಗೊತ್ತಾಗುತ್ತದೆ.

ಸಂದರ್ಶನದಲ್ಲಿ ನಾನು ಮಾರ್ಕ್ಸ್ ಕಾರ್ಡ್ ನೋಡುವುದು ಆಮೇಲೆ. ಒಂದು ಶಾಫ್ಟು (ದುಂಡನೆ ಲೋಹದ ದಂಡ), ಅದರ ಡ್ರಾಯಿಂಗು, ಅಳೆಯಲು ಒಂದು ವರ್ನಿಯರ್ ಕೈಗೆ ಕೊಡುತ್ತೇನೆ. ಡ್ರಾಯಿಂಗಿನಲ್ಲಿ ವ್ಯಾಸ 25, ಪಕ್ಕದಲ್ಲಿ ಸಣ್ಣ ಎಚ್ 7 ಅಂತ ಇರುತ್ತದೆ. ಅಂದರೆ 25 ಮಿ.ಮೀ. ದಾಟಕೂಡದು, ಕಮ್ಮಿಯಾದರೆ 0.021 ಮಿ.ಮೀ. ತನಕ ನಡೆಯುತ್ತದೆ. ಜಾಸ್ತಿ ಹುಡುಗರು ಅಳೆದು ‘ಸರಿ ಇದೆ ಸರ್’ ಅನ್ನುತ್ತಾರೆ. ಆದರೆ ಆ ವರ್ನಿಯರ್ ಓದುವುದೇ 0.02 ಮಿ.ಮೀ. ಲೆಕ್ಕದಲ್ಲಿ! ಬಿಟ್ಟ ಅಂತರವೇ ಹೆಚ್ಚುಕಡಿಮೆ ಅಷ್ಟು, ಅದನ್ನು ಇದರಲ್ಲಿ ಹಿಡಿಯುವುದು ಹೇಗೆ? ‘ಸರ್, ಇದು ಸಾಲದು, ಮೈಕ್ರೋಮೀಟರ್ ಕೊಡಿ’ ಅಂದ ಹುಡುಗನನ್ನು ನಾನು ಬಿಟ್ಟು ಕಳಿಸಿದ್ದಿಲ್ಲ. ನಿನ್ನನ್ನು ಕರೆದ ಕಂಪನಿಗೆ ಸೇರುವುದಾದರೆ ಇಂಥದ್ದಕ್ಕೆ ತಯಾರಾಗು.

ಸಣ್ಣ ಕಂಪನಿಯಲ್ಲಿ ಎಲ್ಲ ಕೆಲಸವೂ ಮೈಮೇಲೆ ಬೀಳುತ್ತದೆ. ಬೆಳಿಗ್ಗೆ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮೆಷಿನ್ನಿನಲ್ಲಿ ಟೂಲ್ ಆಫ್‌ಸೆಟ್ (ಕತ್ತರಿಸುವ ಉಪಕರಣದ ಅಳತೆ) ಸರಿಮಾಡಿದವನೇ ಮಧ್ಯಾಹ್ನ ಗಿರಾಕಿಗೆ ಕೊಟೇಶನ್ ಹಾಕುತ್ತಾನೆ. ಸಂಜೆ ರಿಜೆಕ್ಟ್ ಆಗಿ ವಾಪಸ್ ಬಂದ ಪೀಸು ಹಿಡಿದು ತಲೆ ಕೆಡಿಸಿಕೊಳ್ಳುತ್ತಾನೆ. ಕಲಿಯುವುದು ಹಾಗೆಯೇ. ಕಷ್ಟವೂ ಇದೆ. ಕೂರಿಸಿಕೊಂಡು ಹೇಳಿಕೊಡಲು ಯಾರಿಗೂ ಪುರಸೊತ್ತಿರುವುದಿಲ್ಲ. ಸಣ್ಣವರ ಬಿಲ್ಲನ್ನು 45 ದಿನದೊಳಗೆ ತೀರಿಸಿ ಅನ್ನುತ್ತದೆ ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆ. ದೊಡ್ಡ ಗಿರಾಕಿಗಳೆಲ್ಲ ಹಾಗೆ ಕೊಡುವುದಿಲ್ಲ, ಅದರ ಬಿಸಿ ಕೆಲವು ಕಡೆ ಸಂಬಳಕ್ಕೂ ತಟ್ಟುತ್ತದೆ.

ಅದಕ್ಕೇ ಸೇರುವ ಮುಂಚೆ ಒಂದು ದಿನ ಶಾಪಿನೊಳಗೆ ನಿಂತು ನೋಡಲು ಅನುಮತಿ ಕೇಳು. ಊಟದ ಹೊತ್ತಿನಲ್ಲಿ ಆಪರೇಟರುಗಳ ಪಕ್ಕ ಕೂತು ವಿಚಾರಿಸು: ಸಂಬಳ ಯಾವ ತಾರೀಖಿಗೆ ಬರುತ್ತದೆ? ಹೋದ ವರ್ಷ ಸೇರಿದ ಹುಡುಗ ಈಗ ಏನು ಮಾಡುತ್ತಿದ್ದಾನೆ? ಅವನಿನ್ನೂ ಬರೀ ಪೀಸು ಎಣಿಸುತ್ತಿದ್ದರೆ ಅಲ್ಲಿಗೆ ಹೋಗಬೇಡ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ನಮ್ಮ ಹತ್ತಿರ ಇರಲಿ ಅಂದರಂತೂ ಎದ್ದು ಬಾ.

– ಸಣ್ಣ ಕಂಪನಿಯೊಂದರ ಮುಖ್ಯಸ್ಥ, ಬೆಳಗಾವಿ

ನನ್ನ ಮೊದಲ ಕೆಲಸ ಪೀಣ್ಯದ ಸಣ್ಣ ಕಂಪನಿಯಲ್ಲಿ. ಕ್ವಾಲಿಟಿ ವಿಭಾಗ ಅಂದರೆ ನಾನು ಮತ್ತು ನಮ್ಮ ಸೂಪರ್‌ವೈಸರ್ ಅಷ್ಟೇ. ಅಲ್ಲಿ ಕಲಿತದ್ದು ಇವತ್ತಿಗೂ ಅನ್ನ ಹಾಕುತ್ತಿದೆ. ನಿಮಗೆ ಹೇಳುವುದು ಇಷ್ಟು. 15 ಸಾವಿರ ಅಂದರೆ ಕೈಗೆ ಬರುವುದೋ, ಪಿಎಫ್ ಹಿಡಿಯುವ ಮುಂಚಿನದೋ, ಕೇಳಿ. 20 ಅಥವಾ ಹೆಚ್ಚು ಜನ ಇರುವ ಕಡೆ ಪಿಎಫ್ ಕಡ್ಡಾಯ. ಕೇಳಲು ಸಂಕೋಚ ಬೇಡ. ನೇಮಕಾತಿ ಪತ್ರ, ತಿಂಗಳು ತಿಂಗಳು ಪೇ ಸ್ಲಿಪ್ ಇಸ್ಕೊಳ್ಳಿ. ಮುಂದಿನ ಕಂಪನಿಯವರು ಕೇಳುವುದು ಅದನ್ನೇ.

– ಕ್ವಾಲಿಟಿ ಎಂಜಿನಿಯರ್, ಬೆಂಗಳೂರು

ಇವೆರಡೇ ದಾರಿ ಅಂದುಕೊಳ್ಳಬೇಡಿ. ಡಿಗ್ರಿ ಮುಗಿದ ಮೇಲೆ ಕೇಂದ್ರ ಸರ್ಕಾರದ ನ್ಯಾಟ್ಸ್ ಯೋಜನೆಯಲ್ಲಿ ಒಂದು ವರ್ಷ ಅಪ್ರೆಂಟಿಸ್ ಆಗಬಹುದು. ಸ್ಟೈಪೆಂಡಿನಲ್ಲಿ ಸರ್ಕಾರದ ಪಾಲೂ ಇರುತ್ತದೆ, ಕೊನೆಗೆ ಸರ್ಟಿಫಿಕೇಟ್ ಸಿಗುತ್ತದೆ. ಕೆಲಸ ಖಾಯಂ ಮಾಡಲೇಬೇಕು ಅಂತ ಕಂಪನಿಗೆ ಕಟ್ಟುಪಾಡಿಲ್ಲ, ಅದು ನೆನಪಿರಲಿ. ಕೋರ್ಸ್ ಮಾಡಲೇಬೇಕು ಅನ್ನಿಸಿದರೆ ಸರ್ಕಾರದ್ದೇ ತರಬೇತಿ ಕೇಂದ್ರ ಜಿಟಿಟಿಸಿ ಹುಬ್ಬಳ್ಳಿಯಲ್ಲೂ ಇದೆ, ಬೆಳಗಾವಿಯಲ್ಲೂ ಇದೆ. ಕ್ಯಾಡ್ (ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡುವುದು), ಸಿಎನ್‌ಸಿ ಕಲಿಸುತ್ತಾರೆ. ಅಪ್ಪನನ್ನೂ ಕರೆದುಕೊಂಡು ಹೋಗಿ ಅಲ್ಲಿನ ಫೀಸು ವಿಚಾರಿಸಿ ಬನ್ನಿ, ಬೆಂಗಳೂರಿನ ಮಾತು ಆಮೇಲೆ.

– ನಿವೃತ್ತ ಪಾಲಿಟೆಕ್ನಿಕ್ ಉಪನ್ಯಾಸಕ, ಹಾವೇರಿ